ಕಾಲು ಸುತ್ತು

ರೂತ್ ಸಿಸ್ಟರ್ ರಿಟೈರ್ ಆದ ವರ್ಷ
ಸೈಕಲ್ ನನಗ ಕೊಟ್ರು, ಏಳ್ನೂರು ರೂಪಾಯಿಗೆ.
ನಡುವ ದಂಡಿಲ್ಲದ್ದು. ಹುಡುಗ್ರು ನಕ್ರು. ನಗಲಿ.
ಗಾಲಿ ಹೊಸಾವು, ಗಂಟಿ ಹೊಸದು,
ಸೀಟು ಮಾತ್ರ ತೊಗಲಿಂದು, ಹಳೇದು,
ಒಲಿಯಿಂದ ಇಳಿಸಿದ ಹಂಚಿನ ಬಣ್ಣದ್ದು.

"ಇದನ್ನ ತಗಸಬ್ಯಾಡ ಕಳಕಪ್ಪ,
ಆರು ತಿಂಗಳು ಬೈತಿ, ಆಮ್ಯಾಲೆ ಮರೀತಿ."

ಆರು ತಿಂಗಳು ಬೈದೆ.

ನಾನು ನೀರು ಬಿಡಾಂವ.
ಬೆಟಗೇರಿಯೊಳಗ ಹದಿನೆಂಟು ವಾಲ್ವು ನನ್ನ ಕೈಯಾಗ,
ಹತ್ತು ದಿನಕ್ಕೊಮ್ಮೆ ಒಂದು ಓಣಿಗೆ ಒಂದೂವರಿ ತಾಸು.
ರಾತ್ರಿ ಎರಡಕ್ಕ ಬಲಹೆಗಲ ಮ್ಯಾಲೆ
ಆಳೆತ್ತರದ ಕಬ್ಬಿಣದ ಚಾವಿ,
ಮಗ್ಗ ಮಲಗಿರ್ತಾವು, ಕೊಡ ಎದ್ದಿರ್ತಾವು.

ಸೀಟು ಎಡಕ್ಕ ತುಸು ತಗ್ಗು.
ಇಪ್ಪತ್ತೆರಡು ವರ್ಷ ಹೆರಿಗಿ ಚೀಲ
ಎಡಗೈಗೆ ಜೋತು ಹಾಕ್ಕೊಂಡು
ಅವರು ಕುಂತು ಕುಂತು ಮಾಡಿದ ತಗ್ಗು.
ನಂದು ಬಲಕ್ಕ ವಾಲಿದ ಮೈ.
ಅವರ ತಗ್ಗಿಗೂ ನನ್ನ ಎಲುಬಿಗೂ
ರಾತ್ರಿಯೆಲ್ಲಾ ಜಗಳ,
ನಡುವ ನಾನು, ತೀರ್ಪು ಕೊಡಾಕ ಬಾರದಾಂವ.

ಎಣ್ಣಿ ಕುಡಿಸು, ಮೆತ್ತಗಾಗ್ತೈತಿ ಅಂದ ಯಾವನೋ.
ಗಾಣದ ಕುಸುಬಿ ಎಣ್ಣಿ ತಂದೆ.
ಕುಡಿಸಿದೆ. ಕುಡೀತು. ಮತ್ತ ಕುಡಿಸಿದೆ.
ಮೂರನೇ ದಿನಕ್ಕ ಅದು ಸೀಟಲ್ಲ, ಜೋಳಿಗಿ.
ಖಾಕಿ ಪ್ಯಾಂಟಿನ ಹಿಂದ ಎರಡು ಎಣ್ಣಿ ಚಂದ್ರ.
ನಾಕನೇ ರಾತ್ರಿ ನೇಕಾರ ಓಣಿ ವಾಲ್ವಿಗೆ ಬಗ್ಗಿದಾಂವ
ತಿರುಗಿ ನೋಡ್ತೀನಿ,
ಕಂದು ನಾಯಿಯೊಂದು ಪೆಡಲ್ ಮ್ಯಾಲೆ ಮುಂಗಾಲಿಟ್ಟು
ಸೀಟು ನೆಕ್ಕಾಕತ್ತೈತಿ,
ಕಣ್ಣು ಮುಚ್ಚಿ, ಭಕ್ತೀಲೆ.

ಹಾತಲಗೇರಿ ನಾಕಾದಾಗ ಬೇವಿನ ಗಿಡದ ಕೆಳಗ
ಯಮನಪ್ಪ ಸಮಗಾರ.
ಕಲ್ಲಂಗಡಿ ಬಡದಂಗ ಬೆರಳ ಗೆಣ್ಣಿಲೆ ಬಡದ,
ಕಿವಿ ಕೊಟ್ಟ. ಸಪ್ಪಳ ಇಲ್ಲ.
"ಇಷ್ಟು ಎಣ್ಣಿ ಹಾಕೀಯಲ್ಲ,
ಸೀಟಿನ ಎಣಗಾಯಿ ಮಾಡಾಂವ ಇದ್ದೇನು?"

ನಾಕು ದಿನ ನೆರಳಾಗ ಇಟ್ಟ, ಸುಣ್ಣದ ಕಡ್ಡಿ ಪುಡಿ ಬಡದ.
ಎರಡೂ ಬದಿಯ ಕಿವಿಗೆ ಐದೈದು ತೂತು ಹೊಡದು
ತೊಗಲಿನ ವಾದಿಲೆ ಹೊಟ್ಟಿ ಕೆಳಗ ಬಿಗದ,
ಕುಬಸದ ಕಸಿ ಕಟ್ಟಿದಂಗ.
ಬಿಸಿಲಿಗೆ ಒಣಗಸಬ್ಯಾಡ ಅಂದ,
ಮಳಿ ಬಂದ್ರ ನಿನ್ನ ತಲಿ ತೊಯ್ಯಲಿ,
ಪ್ಲಾಸ್ಟಿಕ್ ಚೀಲ ಇದಕ್ಕ ಹಾಕು.
ದೀಪಾವಳಿಗೊಮ್ಮೆ ಉಗಾದಿಗೊಮ್ಮೆ ಜೇನುಮೇಣ,
ಅದೂ ತೆಳ್ಳಗ, ಉಗುರಿಗೆ ಹತ್ತಿದಷ್ಟು.
ಆಮ್ಯಾಲೆ ಸೈಕಲ್ ಮಗ್ಗಲಿಗೆ ಮಲಗಿಸಿ
ಸೀಟಿನ ಮೂತಿ ಕೆಳಗಿನ ನಟ್ಟು ತೋರಿಸಿದ.
"ವರ್ಷಕ್ಕೊಮ್ಮೆ ಕಾಲು ಸುತ್ತು.
ಅರ್ಧ ತಿರುವಿದಿ ಅಂದ್ರ ಹರದ ಹೋಗ್ತೈತಿ."

ಇದು ನನಗ ಹೇಳಿ ಕೊಡಬೇಕಾಗಿರಲಿಲ್ಲ.
ಹಳೇ ಪೈಪಿಗೆ ಒಮ್ಮೆಲೇ ಪೂರಾ ಬಿಟ್ರ
ಎಲ್ಲೋ ಒಂದ್ಕಡೆ ರಸ್ತೆ ಸೀಳ್ತೈತಿ.
ಕಾಲು ಸುತ್ತು, ಆಮ್ಯಾಲೆ ಕಾಯಬೇಕು;
ಮೊದಲು ಗಾಳಿ ಬರತೈತಿ, ಉಸ್ಸಂತ,
ಕೆಮ್ಮತೈತಿ, ಕೆಂಪು ಉಗುಳತೈತಿ,
ಆಮ್ಯಾಲೆ ಮತ್ತೊಂದು ಕಾಲು.
ಇಷ್ಟು ತಿಳಿದಾಂವ ಎಣ್ಣಿ ಹೆಂಗ ಸುರವಿದೆನೋ.

ರೊಕ್ಕ ಎಷ್ಟು ಅಂದೆ.
"ರೊಕ್ಕ ಬ್ಯಾಡ. ನಮ್ಮ ಓಣಿಗೆ
ಒಂದು ಸಲ ಕಾಲು ತಾಸು ಹೆಚ್ಚು ಬಿಡು."
ಬಿಟ್ಟೆ.
ಆಫೀಸಿನಾಗ ಇದನ್ನ ಯಾರಿಗೂ ಹೇಳಬ್ಯಾಡ್ರಿ.

ಈಗ ಎರಡು ವರ್ಷ. ಬಡದ್ರ ದನಿ ಐತಿ.
ಸೀಟು ಯಾವಾಗ ಮರತೆ ಅನ್ನೋದೂ ಮರತೇನಿ.
ಮೊನ್ನೆ ಕಿರಾಣಿ ಅಂಗಡಿ ಮುಂದ ರೂತ್ ಸಿಸ್ಟರ್,
ಕೈಯಾಗ ಅವಲಕ್ಕಿ ಪೊಟ್ಟಣ.
"ಕೊಡು ಇಲ್ಲಿ," ಅಂದು ಹತ್ತಿ ಕುಂತ್ರು,
ಸೀರಿ ಸರಿಸಿ, ಒಂದು ಕಾಲು ಕಟ್ಟಿ ಮ್ಯಾಲೆ.
ಎಡಕ್ಕ ಸರದ್ರು. ಬಲಕ್ಕ ಸರದ್ರು.
ಮನಿಯಾಗ ಕತ್ತಲದಾಗ ಮಂಚ ಹುಡುಕಿದಂಗ.

"ಇದು ನಂದಲ್ಲ ಬಿಡೋ," ಅಂತ ಇಳದ್ರು.
ಅಂಗೈಲೆ ಸೀಟು ಒಮ್ಮೆ ಒರಸಿದ್ರು, ಧೂಳಿರಲಿಲ್ಲ.
ಆಮ್ಯಾಲೆ ಈ ಊರಾಗ ಎಲ್ಲಾರೂ
ನನಗ ಕೇಳೋದನ್ನ ಅವರೂ ಕೇಳಿದ್ರು:
"ನೀರು ಯಾವಾಗೋ?"

ಮಂಗಳವಾರ, ಅಂದೆ.